ಗೋಡೆಯೊಳಗಿನ ತಂತಿಯೂ ಹಿತ್ತಿಲಿಗೆ ಮುಟ್ಟದ ವೈಫೈಯೂ

ನಮ್ಮ ಸದಸ್ಯರ ಮನೆಗಳಲ್ಲಿ ಈಚೆಗೆ ಒಂದು ಹೊಸ ಜಾಗಕ್ಕೆ ಬೆಲೆ ಬಂದಿದೆ. ಕೆಲವರಲ್ಲಿ ಅದು ಜಗಲಿಯ ಮೂಲೆಕಂಬದ ಬುಡ, ಕೆಲವರಲ್ಲಿ ನಡುಮನೆಯ ಕಿಟಕಿ, ಇನ್ನು ಕೆಲವರಲ್ಲಿ ಮಹಡಿ ಮೆಟ್ಟಿಲಿನ ನಡುವಿನ ಒಂದು ಹಂತ. ಮನೆಯ ಮಗ ಕಂಪೆನಿಯ ಮೀಟಿಂಗಿಗೆ ಕೂರುವುದು ಅಲ್ಲಿ, ಮಗಳು ಪರೀಕ್ಷೆಯ ಅರ್ಜಿ ತುಂಬುವುದು ಅಲ್ಲಿ, ಯಜಮಾನರು ಅಡಿಕೆ ಧಾರಣೆ ನೋಡುವುದೂ ಅಲ್ಲೇ. ಅಡುಗೆಮನೆಗೆ, ಹಿಂದಿನ ಕೋಣೆಗೆ, ಕಣಕ್ಕೆ ಹೋದರೆ ಏನೂ ಇಲ್ಲ. ಊರಿಗೆ ಫೈಬರ್ ಬಂದು, ತಿಂಗಳು ತಿಂಗಳು ಬಿಲ್ಲು ಕಟ್ಟುತ್ತಿದ್ದರೂ ಮನೆಯ ಮುಕ್ಕಾಲು ಭಾಗಕ್ಕೆ ಇಂಟರ್‌ನೆಟ್ಟು ನೆಂಟರ ಮನೆಯ ಹಬ್ಬದಂತೆ ಕೇಳಿ ತಿಳಿಯುವ ಸಂಗತಿಯಾಗಿಯೇ ಉಳಿದಿದೆ.

ಇದು ಬರಿಯ ಅನುಕೂಲದ ಮಾತಾಗಿದ್ದರೆ ಈ ಪತ್ರಿಕೆಯ ಪುಟಗಳನ್ನು ಇದಕ್ಕಾಗಿ ತೆಗೆದಿಡುತ್ತಿರಲಿಲ್ಲ. 2020ರಲ್ಲಿ ಕೊರೋನಾ ಕಾರಣದಿಂದ ಬೆಂಗಳೂರು ಬಿಟ್ಟು ಬಂದ ನಮ್ಮ ಮಕ್ಕಳಲ್ಲಿ ಕೆಲವರಾದರೂ ಇಲ್ಲೇ ಇದ್ದು, ಬೆಳಿಗ್ಗೆ ತೋಟ, ಹಗಲು ಕಂಪೆನಿ ಕೆಲಸ ಎಂದು ಎರಡನ್ನೂ ತೂಗಿಸಿಕೊಂಡು ಹೋಗುತ್ತಿದ್ದಾರೆ. ಅವರು ಇಲ್ಲಿ ಉಳಿಯುವುದೂ ಮತ್ತೆ ಗಂಟು ಕಟ್ಟುವುದೂ ಎಷ್ಟೋ ಮನೆಗಳಲ್ಲಿ ಈ ಸಂಪರ್ಕದ ಮೇಲೆ ನಿಂತಿದೆ. ಇನ್ನೊಂದು ವಿಷಯ ಇದಕ್ಕಿಂತಲೂ ಮುಖ್ಯ. ಮೊಬೈಲ್ ಟವರಿನ ಸಿಗ್ನಲ್ ಇಳಿಯದ ನಮ್ಮ ಕಣಿವೆಗಳಲ್ಲಿ ಹಳೆಯ ಲ್ಯಾಂಡ್‌ಲೈನ್‌ಗಳನ್ನು ಬಹುಮಂದಿ ವಾಪಸು ಕೊಟ್ಟಾಗಿದೆ. ವೈಫೈ ಮೂಲಕವೇ ಸಾಮಾನ್ಯ ಕರೆ ಮಾಡುವ ಸೌಲಭ್ಯ ನಮ್ಮ ದೇಶದಲ್ಲಿ 2019ರ ಡಿಸೆಂಬರ್, 2020ರ ಜನವರಿ ಹೊತ್ತಿಗೆ ಆರಂಭವಾಯಿತು. ಈಗ ಅಂಥ ಮನೆಗಳಿಗೆ ವೈಫೈ ಎಂದರೆ ಅದೇ ಟೆಲಿಫೋನು. ಪಲ್ಪರ್ ಮನೆಯಲ್ಲಿ ರಾತ್ರಿ ಪಾಳಿಯವನ ಕೈಗೆ ಪೆಟ್ಟಾದರೆ, ಅಡಿಕೆ ಬೇಯಿಸುವ ಒಲೆಯ ಹತ್ತಿರ ಯಾರಿಗಾದರೂ ಹಾವು ಮುಟ್ಟಿದರೆ, ಫೋನು ಮಾಡಲು ಜಗಲಿಯ ಕಂಬದವರೆಗೆ ಓಡಬೇಕಾದ ಸ್ಥಿತಿ ಇರಬಾರದು.

ಇದನ್ನು ಅರಿತ ಪಟ್ಟಣದ ಅಂಗಡಿಯವರು 'ಮೆಶ್' ಎಂಬ ಮೂರು ಡಬ್ಬಗಳ ಸೆಟ್ಟನ್ನು ನಮ್ಮವರಿಗೆ ಮಾರುತ್ತಿದ್ದಾರೆ. ಮಾರಲಿ, ವಸ್ತು ಒಳ್ಳೆಯದೇ. ಆದರೆ ಮೂರು ಡಬ್ಬ ಸಾಲದೆ ನಾಲ್ಕನೆಯದು, ಅದೂ ಸಾಲದೆ ಐದನೆಯದು ಎಂದು ಹಣ ಸುರಿದ ಮೇಲೂ ಹಿಂದಿನ ಕೋಣೆಯಲ್ಲಿ ಚಿತ್ರ ನಿಂತು ನಿಂತು ಬರುವ ಮನೆಗಳನ್ನು ನಾವು ಕಂಡಿದ್ದೇವೆ. ಇಂಥ ಕೆಲವು ಮನೆಗಳಲ್ಲಿ ಬೇಕಾದ ತಂತಿ ಮೊದಲೇ ಗೋಡೆಯೊಳಗೆ ಇತ್ತು ಎಂಬುದೇ ಈ ಬರೆಹಕ್ಕೆ ಪ್ರೇರಣೆ.

ವೈಫೈ ನಮ್ಮ ಮನೆಗಳಲ್ಲಿ ಯಾಕೆ ಸೋಲುತ್ತದೆಂಬುದನ್ನು ಮೊದಲು ನೋಡೋಣ. ಈ ಸಂಕೇತ ಸಾಮಾನ್ಯವಾಗಿ ಎರಡು ತರಂಗಪಟ್ಟಿಗಳಲ್ಲಿ ಸಾಗುತ್ತದೆ. 2.4 ಗಿಗಾಹರ್ಟ್ಸಿನದು ನಿಧಾನ, ಆದರೆ ಗೋಡೆಯನ್ನು ಸ್ವಲ್ಪ ಹೆಚ್ಚು ತೂರುತ್ತದೆ. 5 ಗಿಗಾಹರ್ಟ್ಸಿನದು ಚುರುಕು, ಆದರೆ ಗೋಡೆ ಎದುರಾದರೆ ಬೇಗ ಬಳಲುತ್ತದೆ. ತೆಳ್ಳಗಿನ ಇಟ್ಟಿಗೆ ಗೋಡೆಯ ಪೇಟೆ ಮನೆಗಳಿಗೆ ಇದು ಸಾಕು. ನಮ್ಮ ಹಿರಿಯರು ಕಟ್ಟಿದ್ದು ಎರಡಡಿ ದಪ್ಪದ ಮಣ್ಣುಗೋಡೆ, ಕೆಂಪುಕಲ್ಲಿನ ಗೋಡೆ. ಮಳೆಗಾಲ ಪೂರ್ತಿ ಆ ಗೋಡೆ ತೇವ ಕುಡಿದು ನಿಂತಿರುತ್ತದೆ, ತೇವ ಈ ತರಂಗಗಳನ್ನು ನುಂಗುತ್ತದೆ. ಕಣದ ಚಪ್ಪರಕ್ಕೂ ಗೋದಾಮಿಗೂ ಹಾಕಿದ ತಗಡಿನ ಶೀಟು ನುಂಗುವುದಿಲ್ಲ, ಹಿಂದಕ್ಕೆ ತಳ್ಳುತ್ತದೆ. ಅಂತೂ ಜಗಲಿಯಲ್ಲಿ ಹುಟ್ಟಿದ ಸಂಕೇತ ಮೂರನೆಯ ಗೋಡೆ ದಾಟುವುದರೊಳಗೆ ಉಸಿರು ಬಿಟ್ಟಿರುತ್ತದೆ.

ಮೆಶ್ ಎಂದರೆ ಬಲೆ. ಒಂದು ಮುಖ್ಯ ಡಬ್ಬ, ಅದರಿಂದ ಸಂಕೇತ ಪಡೆದು ಮುಂದಕ್ಕೆ ಕೊಡುವ ಒಂದೆರಡು ಉಪಡಬ್ಬಗಳು, ಎಲ್ಲಕ್ಕೂ ಒಂದೇ ಹೆಸರು, ಒಂದೇ ಗುಪ್ತಪದ. ಮನೆಯೊಳಗೆ ಓಡಾಡಿದಂತೆ ನಮ್ಮ ಫೋನು ಹತ್ತಿರದ ಡಬ್ಬಕ್ಕೆ ಜಾರಿಕೊಳ್ಳುತ್ತದೆ. ಆದರೆ ಉಪಡಬ್ಬಕ್ಕೆ ಸರಕು ಬರುವುದು ಹೇಗೆ? ತಂತಿ ಇಲ್ಲದಿದ್ದರೆ ಅದೂ ಗಾಳಿಯಲ್ಲೇ, ಅದೇ ದಪ್ಪ ಗೋಡೆಯ ಮೂಲಕವೇ ಬರಬೇಕು. ಹಳೆಯ ಕಾಲದಲ್ಲಿ ಬಾವಿಯಿಂದ ಹಂಡೆಯವರೆಗೆ ಸಾಲಾಗಿ ನಿಂತು ಕೊಡ ದಾಟಿಸುತ್ತಿದ್ದುದನ್ನು ನೆನೆಯಿರಿ. ನಡುವೆ ನಿಂತವನು ಈ ಕಡೆಯಿಂದ ಕೊಡ ತೆಗೆದುಕೊಳ್ಳುವಾಗ ಆ ಕಡೆಗೆ ಕೊಡಲಾರ, ಕೊಡುವಾಗ ತೆಗೆದುಕೊಳ್ಳಲಾರ. ಎರಡು ಪಟ್ಟಿಯ ಸಾಧಾರಣ ಮೆಶ್ ಡಬ್ಬವೂ ಅಷ್ಟೆ. ಒಂದೇ ತರಂಗಪಟ್ಟಿಯಲ್ಲಿ ತೆಗೆದುಕೊಂಡು ಕೊಡಬೇಕಾದಾಗ ಪ್ರತಿ ಜಿಗಿತಕ್ಕೂ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ದುಬಾರಿಯ ಮೂರು ಪಟ್ಟಿಯ ಡಬ್ಬಗಳಲ್ಲಿ ಈ ಸಾಗಣೆಗೇ ಒಂದು ಪಟ್ಟಿಯನ್ನು ಮೀಸಲಿಡಬಹುದು. ಆದರೂ ಕೆಂಪುಕಲ್ಲಿನ ಗೋಡೆಗೆ ಬೆಲೆಪಟ್ಟಿ ಓದಲು ಬರುವುದಿಲ್ಲ.

ಕೊಡ ದಾಟಿಸುವ ಕಷ್ಟಕ್ಕೆ ನಮ್ಮವರು ಕಂಡುಕೊಂಡ ಉಪಾಯ ದಂಬೆ. ಅಡಿಕೆಮರ ಸೀಳಿ ಒಳಗೆ ಕೊರೆದು ಗುಡ್ಡದ ನೀರನ್ನು ನೇರ ಬಚ್ಚಲಿಗೆ ತಂದರು. ಮೆಶ್ ಡಬ್ಬಗಳ ನಡುವೆ ಹಾಕುವ ಈಥರ್ನೆಟ್ ತಂತಿ, ಅಂದರೆ ನಮ್ಮ ಹುಡುಗರು ಹೇಳುವ ಲ್ಯಾನ್ ವೈರು, ಅಂಥದೇ ದಂಬೆ. ಉಪಡಬ್ಬಕ್ಕೆ ಸರಕು ತಂತಿಯಲ್ಲಿ ಬಂದರೆ ಅದರ ಗಾಳಿಯ ಶಕ್ತಿಯೆಲ್ಲ ಆ ಕೋಣೆಯವರಿಗೇ ಉಳಿಯುತ್ತದೆ. ಗೋಡೆ ಎಷ್ಟೇ ದಪ್ಪವಿರಲಿ, ಮಳೆ ಎಷ್ಟೇ ಹೊಯ್ಯಲಿ, ತಂತಿಗೆ ಲೆಕ್ಕವಿಲ್ಲ. ಅಂದಹಾಗೆ ಈ ಈಥರ್ನೆಟ್ ಹೊಸದೇನೂ ಅಲ್ಲ. ಅಮೆರಿಕದ ಜೆರಾಕ್ಸ್ ಕಂಪೆನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ ಮತ್ತು ಡೇವಿಡ್ ಬಾಗ್ಸ್ ಇದನ್ನು ರೂಪಿಸತೊಡಗಿದ್ದು 1973ರಲ್ಲಿ. ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿದ್ದೂ ಅದೇ ವರ್ಷ. ಎರಡೂ ಇಂದಿಗೂ ದುಡಿಯುತ್ತಿವೆ.

ಈಗ ಮನೆಯಲ್ಲಿ ತಂತಿ ಎಲ್ಲಿ ಅಡಗಿದೆ ಎಂದು ಹುಡುಕಬೇಕು. ಹೊಸ ಮನೆ ಕಟ್ಟಿಸಿದವರು, ಹಳೆಯದಕ್ಕೆ ಕೋಣೆ ಸೇರಿಸಿದವರು, ಎಲೆಕ್ಟ್ರಿಷಿಯನ್ ಹೇಳಿದನೆಂದು ಪೈಪಿನೊಳಗೆ ಒಂದು ಲ್ಯಾನ್ ವೈರು ಎಳೆಸಿ ಮರೆತಿರುತ್ತಾರೆ. ಟಿವಿಯ ಹಿಂದೆ ಮುಚ್ಚಿದ ಬಿಳಿ ಪೆಟ್ಟಿಗೆಯೊಂದಿದ್ದರೆ ಬಿಚ್ಚಿ ನೋಡಿ. ಇದಕ್ಕಿಂತ ಹೆಚ್ಚಾಗಿ, ಕಾಳುಮೆಣಸಿನ ಮತ್ತು ಅಡಿಕೆಯ ಕಳ್ಳತನದ ಭಯದಿಂದ ಕಣಕ್ಕೂ ಗೋದಾಮಿಗೂ ಕ್ಯಾಮೆರಾ ಹಾಕಿಸಿದ ಸದಸ್ಯರು ಬಹಳ. ಅವುಗಳಲ್ಲಿ ಐಪಿ ಕ್ಯಾಮೆರಾಗಳಿಗೆ ಹೋಗಿರುವುದು ಈ ತಂತಿಯೇ.

ಎಲ್ಲ ತಂತಿಯೂ ಇದಕ್ಕೆ ಆಗುವುದಿಲ್ಲ. ಹಳೆಯ ಟೆಲಿಫೋನಿನ ಎರಡೆಳೆ ನಾಲ್ಕೆಳೆ ವೈರು ಬೇರೆ. ಹಳೆಯ ನಮೂನೆಯ ಕ್ಯಾಮೆರಾಕ್ಕೆ ಹಾಕುವ, ಟಿವಿ ಕೇಬಲಿನಂತೆ ನಡುವೆ ಒಂದೇ ಎಳೆಯಿರುವ ಗುಂಡನೆಯ ಕೇಬಲೂ ಬೇರೆ. ಬೇಕಾದ್ದರಲ್ಲಿ ಒಂದರ ಸುತ್ತ ಒಂದು ಹೊಸೆದ ನಾಲ್ಕು ಜೋಡಿ, ಒಟ್ಟು ಎಂಟು ಎಳೆಗಳಿರುತ್ತವೆ. ಕೇಸರಿ, ಹಸಿರು, ನೀಲಿ, ಕಂದು, ಪ್ರತಿಯೊಂದಕ್ಕೂ ಬಿಳಿ ಗೆರೆಯ ಜೊತೆಗಾರ. ಹೊರಕವಚದ ಮೇಲೆ ಕ್ಯಾಟ್ 5, ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಮುದ್ರಿತವಾಗಿರುತ್ತದೆ. ತಾಮ್ರ ಸರಿಯಿದ್ದು ತುದಿ ಸರಿಯಾಗಿ ಕಟ್ಟಿದ್ದರೆ ಕ್ಯಾಟ್ 5ಇ ತಂತಿ 100 ಮೀಟರ್ ದೂರದವರೆಗೆ ಸೆಕೆಂಡಿಗೆ 1,000 ಮೆಗಾಬಿಟ್ ಹೊರುತ್ತದೆ. ನಮ್ಮಲ್ಲಿ ಬಹುಮಂದಿಯ ಸಂಪರ್ಕದ ವೇಗ ಇದರ ಹತ್ತಿರಕ್ಕೂ ಬರುವುದಿಲ್ಲವಾದ್ದರಿಂದ ಕ್ಯಾಟ್ 6ಕ್ಕೆ ಬದಲಿಸಿ ಎಂದು ಗೋಡೆ ಒಡೆಸಲು ಬರುವವರನ್ನು ನಯವಾಗಿ ಕಳಿಸಿಬಿಡಬಹುದು.

ಎಚ್ಚರ ವಹಿಸಬೇಕಾದ್ದು ಬೇರೆ ಒಂದರಲ್ಲಿ. ಅಗ್ಗದ ಸುರುಳಿಗಳಲ್ಲಿ ಎಳೆ ತಾಮ್ರದ್ದಲ್ಲ, ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರದ ಲೇಪ. ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ. ಇದರ ರೋಧ ಹೆಚ್ಚು, ಆದ್ದರಿಂದ ದೂರ ಹೆಚ್ಚಿದಂತೆ ಸಂಕೇತ ಸೊರಗುತ್ತದೆ, ತಂತಿಯಲ್ಲೇ ವಿದ್ಯುತ್ ಕಳಿಸುವ ಕಡೆ ಬಿಸಿಯಾಗುತ್ತದೆ. ಗೋಡೆಯೊಳಗೆ ಈಗಾಗಲೇ ಹೋಗಿದ್ದರೆ ಹತ್ತಿರದ ಕೋಣೆಗಳಿಗೆ ಬಳಸಿ ನೋಡಬಹುದು. ಹೊಸದಾಗಿ ದುಡ್ಡು ಕೊಟ್ಟು ತರಬೇಡಿ.

ತಂತಿ ಸಿಕ್ಕಿತೆಂದರೆ ಎಂಟೂ ಎಳೆಗಳು ತುದಿಯಿಂದ ತುದಿಗೆ ಮುಟ್ಟಿವೆಯೇ ಎಂದು ಪರೀಕ್ಷಿಸಬೇಕು. ಇದಕ್ಕೆ ಎಂಟು ದೀಪಗಳ ಸಣ್ಣ ಸಾಧನವೊಂದು ಸಿಗುತ್ತದೆ. ಒಂದು ತುಂಡನ್ನು ಈ ತುದಿಗೆ, ಇನ್ನೊಂದನ್ನು ಆ ತುದಿಗೆ ಸಿಕ್ಕಿಸಿದರೆ ದೀಪಗಳು ಒಂದರಿಂದ ಎಂಟರವರೆಗೆ ಎರಡೂ ಕಡೆ ಕ್ರಮವಾಗಿ ಬೆಳಗಬೇಕು. ಒಂದು, ಎರಡು, ಮೂರು, ಆರು ಮಾತ್ರ ಬೆಳಗಿದರೆ ತಂತಿ 100 ಮೆಗಾಬಿಟ್ಟಿಗೆ ಸೀಮಿತ. ಕ್ಯಾಮೆರಾ ಹಾಕುವವರು ಕೆಲವೊಮ್ಮೆ ಕೆಲಸ ಬೇಗ ಮುಗಿಸಲು ನಾಲ್ಕೇ ಎಳೆ ಕಟ್ಟಿ ಹೋಗಿರುತ್ತಾರೆ. ಉಳಿದ ನಾಲ್ಕನ್ನೂ ಸೇರಿಸಿ ತುದಿಯ ಜಾಕನ್ನು ಹೊಸದಾಗಿ ಕಟ್ಟಿಸಿದರೆ ಸರಿಹೋಗುತ್ತದೆ. ಕ್ರಮ ಎರಡೂ ತುದಿಗೂ ಒಂದೇ: ಬಿಳಿಕೇಸರಿ, ಕೇಸರಿ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಹೊಸೆದ ಜೋಡಿಯನ್ನು ಜಾಕಿನ ಹತ್ತಿರ ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಡಿಸಬಾರದು. ಆ ಹೊಸೆತವೇ ಈ ತಂತಿಯ ಪ್ರಾಣ, ಒಂದು ಜೋಡಿಯ ಗದ್ದಲ ಇನ್ನೊಂದಕ್ಕೆ ತಾಗದಂತೆ ಕಾಯುವುದು ಅದೇ.

ಡಬ್ಬ ಕೊಳ್ಳುವ ಮುನ್ನ ಒಂದು ಮಾತು. ಕೆಲವು ಅಗ್ಗದ ಸೆಟ್ಟುಗಳ ಉಪಡಬ್ಬಕ್ಕೆ ಲ್ಯಾನ್ ಕಿಂಡಿಯೇ ಇರುವುದಿಲ್ಲ, ಕೆಲವಕ್ಕೆ ಇದ್ದರೂ 100 ಮೆಗಾಬಿಟ್ಟಿನದು. ತಂತಿಯ ಮೂಲಕ ಜೋಡಿಸಬಹುದೇ ಎಂದು ಕೇಳಿ, ಡಬ್ಬವನ್ನು ತಿರುಗಿಸಿ ಕಿಂಡಿ ನೋಡಿಯೇ ಹಣ ಕೊಡಿ. ಜೋಡಣೆಯ ಕ್ರಮ ನೀರಾವರಿಯ ಪೈಪಿನದೇ ಕ್ರಮ. ಫೈಬರ್ ಪೆಟ್ಟಿಗೆಯಿಂದ ಮುಖ್ಯ ಡಬ್ಬಕ್ಕೆ, ಮುಖ್ಯ ಡಬ್ಬದಿಂದ ಒಂದು ಸಣ್ಣ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಕೋಣೆಕೋಣೆಯ ತಂತಿಗಳಿಗೆ. ಮುಖ್ಯ ಡಬ್ಬವನ್ನು ಬಿಟ್ಟು ಉಪಡಬ್ಬದ ತಂತಿಯನ್ನು ನೇರ ಫೈಬರ್ ಪೆಟ್ಟಿಗೆಗೆ ಸಿಕ್ಕಿಸಿದರೆ ಮೆಶ್ ತನ್ನವರನ್ನು ಗುರುತು ಹಿಡಿಯದೆ ಗೊಂದಲಕ್ಕೆ ಬೀಳಬಹುದು. ಉಪಡಬ್ಬಗಳನ್ನು ಮೊದಲು ಮುಖ್ಯ ಡಬ್ಬದ ಪಕ್ಕದಲ್ಲೇ ಇಟ್ಟು ಫೋನಿನ ಆ್ಯಪಿನಲ್ಲಿ ಸೇರಿಸಿ, ಬಳಿಕ ಆಯಾ ಕೋಣೆಗೆ ಒಯ್ದು ತಂತಿ ಸಿಕ್ಕಿಸುವುದು ಸುಲಭದ ದಾರಿ. ಬಹುತೇಕ ಡಬ್ಬಗಳು ತಂತಿ ಬಂತೆಂದು ತಾವೇ ತಿಳಿದು ಗಾಳಿಯ ಸಾಗಣೆಯನ್ನು ಬಿಡುತ್ತವೆ.

ಒಂದೇ ಜಾಗಕ್ಕೆ ಎರಡು ತಂತಿ ಹೋಗಿದೆಯೆಂದು ಎರಡನ್ನೂ ಸಿಕ್ಕಿಸಬೇಡಿ. ಸಾದಾ ಸ್ವಿಚ್ಚಿನಲ್ಲಿ ಉಂಗುರವಾದರೆ ಸಂದೇಶಗಳು ಗಾಣದೆತ್ತಿನಂತೆ ಸುತ್ತುತ್ತಲೇ ಇದ್ದು ಇಡೀ ಮನೆಯ ಜಾಲ ಕ್ಷಣಾರ್ಧದಲ್ಲಿ ನಿಂತುಹೋಗುತ್ತದೆ. ಹಾಗೆಯೇ ಫೈಬರ್ ಪೆಟ್ಟಿಗೆಯೇ ರೌಟರಿನ ಕೆಲಸ ಮಾಡುತ್ತಿದ್ದರೆ ಮೆಶ್ಶನ್ನು 'ಆ್ಯಕ್ಸೆಸ್ ಪಾಯಿಂಟ್' ಎಂಬ ಸ್ಥಿತಿಗೆ ಹಾಕಿ, ಫೈಬರ್ ಪೆಟ್ಟಿಗೆಯ ಸ್ವಂತ ವೈಫೈಯನ್ನು ಆರಿಸಬೇಕು. ಒಂದು ಮನೆಗೆ ಇಬ್ಬರು ಯಜಮಾನರಾದರೆ ಕೆಲಸ ಹೇಗೆ ಕೆಡುತ್ತದೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಮೆಶ್ಶನ್ನೇ ಕೊಳ್ಳದೆ ನಡೆಸುವ ದಾರಿಯೂ ಉಂಟು. ಹಳೆಯ ರೌಟರೊಂದು ಅಟ್ಟದ ಮೇಲೆ ಬಿದ್ದಿದ್ದರೆ ಕೆಳಗಿಳಿಸಿ. ಅದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬುದನ್ನು ನಿಲ್ಲಿಸಿ, ಮುಖ್ಯ ರೌಟರಿಗಿಂತ ಬೇರೆಯಾದ, ಆದರೆ ಅದೇ ಸಾಲಿನ ವಿಳಾಸವೊಂದನ್ನು ಅದಕ್ಕೆ ಕೊಟ್ಟು, ವೈಫೈಗೆ ಮುಖ್ಯ ರೌಟರಿನದೇ ಹೆಸರು ಮತ್ತು ಗುಪ್ತಪದ ಇಟ್ಟು, ತಂತಿಯನ್ನು ಅದರ ಲ್ಯಾನ್ ಕಿಂಡಿಗೆ ಸಿಕ್ಕಿಸಿದರೆ ಹಿಂದಿನ ಕೋಣೆಗೆ ಅಷ್ಟೇ ಸಾಕು. 2.4 ಗಿಗಾಹರ್ಟ್ಸಿನಲ್ಲಿ ಇದಕ್ಕೂ ಮುಖ್ಯದ್ದಕ್ಕೂ ಬೇರೆ ಬೇರೆ ಚಾನೆಲ್ ಕೊಡಿ. 1, 6, 11 ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಫೋನು ಒಂದರಿಂದ ಇನ್ನೊಂದಕ್ಕೆ ಜಾರುವಾಗ ಮಾತು ಒಂದು ಕ್ಷಣ ಕಡಿಯಬಹುದು, ಮೆಶ್ಶಿನ ನಯ ಇದಕ್ಕಿಲ್ಲ. ಆದರೆ ಖರ್ಚೂ ಇಲ್ಲ. ನಮ್ಮ ಮಟ್ಟಿಗೆ ಹೇಳುವುದಾದರೆ, ಮೊದಲು ಇದನ್ನು ಮಾಡಿ ನೋಡಿ, ಮನೆಯಲ್ಲಿ ನಡೆಯುತ್ತ ಮಾತಾಡುವವರು ಹೆಚ್ಚಿದ್ದರೆ ಮಾತ್ರ ಮೆಶ್ಶಿಗೆ ಹೋಗುವುದು ಲೇಸು.

ಕ್ಯಾಮೆರಾ ತಂತಿಯನ್ನು ಬಳಸಹೊರಟವರಿಗೆ ಎರಡು ತೊಡಕು. ರೆಕಾರ್ಡರಿನ ಹಿಂದಿರುವ ಕ್ಯಾಮೆರಾ ಕಿಂಡಿಗಳು ಸಾಮಾನ್ಯವಾಗಿ ತಮ್ಮದೇ ಪ್ರತ್ಯೇಕ ಜಾಲದಲ್ಲಿರುತ್ತವೆ. ಆ ಕಿಂಡಿಯಿಂದ ಹೊರಟ ತಂತಿಗೆ ವೈಫೈ ಡಬ್ಬ ಸಿಕ್ಕಿಸಿದರೆ ದೀಪ ಹತ್ತುತ್ತದೆ, ಇಂಟರ್‌ನೆಟ್ಟು ಬರುವುದಿಲ್ಲ. ತಂತಿಯನ್ನು ರೆಕಾರ್ಡರಿನಿಂದ ಕಳಚಿ ವಿದ್ಯುತ್ ಕೊಡುವ ಬೇರೆ ಸ್ವಿಚ್ಚಿಗೆ, ಆ ಸ್ವಿಚ್ಚನ್ನು ಮುಖ್ಯ ಡಬ್ಬಕ್ಕೆ, ರೆಕಾರ್ಡರನ್ನೂ ಅದೇ ಸ್ವಿಚ್ಚಿಗೆ ಸೇರಿಸಿ, ಕ್ಯಾಮೆರಾವನ್ನು ರೆಕಾರ್ಡರಿನಲ್ಲಿ ಮತ್ತೆ ಹೊಸದಾಗಿ ದಾಖಲಿಸಬೇಕು. ಇದನ್ನು ಕ್ಯಾಮೆರಾ ಹಾಕಿದವರಿಂದಲೇ ಮಾಡಿಸಿ. ಎರಡನೆಯದು ವಿದ್ಯುತ್ತಿನದು. ಒಳ್ಳೆಯ ಸ್ವಿಚ್ಚು ಆ ತುದಿಯಲ್ಲಿ ಬೇಡುವವರಿದ್ದಾರೆಯೇ ಎಂದು ಕೇಳಿಕೊಂಡು ಮಾತ್ರ ವಿದ್ಯುತ್ ಬಿಡುತ್ತದೆ. 2003ರಲ್ಲಿ ಬಂದ ನಿಯಮದ ಪ್ರಕಾರ ಪ್ರತಿ ಕಿಂಡಿಗೆ 15.4 ವ್ಯಾಟ್‌ವರೆಗೆ. ಕೇಳದೆಯೇ ವಿದ್ಯುತ್ ನೂಕುವ ಅಗ್ಗದ ಬಗೆಯೂ ಇದೆ, ಅದಕ್ಕೆ ಮೆಶ್ ಡಬ್ಬ ಸಿಕ್ಕಿಸಿದರೆ ಸುಟ್ಟುಹೋಗಬಹುದು. ಇನ್ನು ಕ್ಯಾಮೆರಾ ತುದಿಯಲ್ಲಿ ಒಂದು ತಂತಿಯನ್ನು ಎರಡಾಗಿಸಲು ಸಾದಾ ಸ್ವಿಚ್ ಇಟ್ಟರೆ ಕ್ಯಾಮೆರಾಕ್ಕೆ ಬರುತ್ತಿದ್ದ ವಿದ್ಯುತ್ ಅಲ್ಲಿಗೇ ನಿಲ್ಲುತ್ತದೆ ಎಂಬುದನ್ನೂ ನೆನಪಿಡಬೇಕು.

ಈವರೆಗೆ ಹೇಳಿದ್ದು ಒಂದೇ ಮಾಡಿನ ಕೆಳಗಿನ ಮಾತು. ಮನೆಯಿಂದ ಹೊರಬಿದ್ದು ಕಣಕ್ಕೆ, ಪಲ್ಪರ್ ಮನೆಗೆ, ಲೈನಿಗೆ ಹೋಗುವಾಗ ಲೆಕ್ಕವೇ ಬೇರೆ. ಕಾಫಿಯವರೆಲ್ಲ ಮಾರ್ಚ್, ಏಪ್ರಿಲಿನಲ್ಲಿ ಹೂಮಳೆಗೆ ಆಕಾಶ ನೋಡುತ್ತ ಕೂರುತ್ತೇವೆ. ಆ ಮಳೆ ಗುಡುಗು ಸಿಡಿಲಿಲ್ಲದೆ ಬರುವುದು ಅಪರೂಪ. ಎರಡು ಕಟ್ಟಡಗಳ ನಡುವೆ ತೂಗುವ ತಾಮ್ರದ ತಂತಿಗೆ ಸಿಡಿಲು ನೇರ ಬಡಿಯಬೇಕೆಂದಿಲ್ಲ, ಹತ್ತಿರದ ಸಿಲ್ವರ್ ಓಕಿಗೆ ಬಡಿದರೂ ತಂತಿಯಲ್ಲಿ ವಿದ್ಯುತ್ತಿನ ಅಲೆ ಏಳುತ್ತದೆ. ಆಗ ಎರಡು ಕಟ್ಟಡಗಳ ನೆಲದ ವಿದ್ಯುತ್ ಮಟ್ಟ ಒಂದೇ ಇರುವುದಿಲ್ಲ, ಆ ವ್ಯತ್ಯಾಸ ತಂತಿಯ ಮೂಲಕವೇ ಹರಿಯಲು ನೋಡುತ್ತದೆ. ಒಂದು ಕ್ಯಾಮೆರಾ ತಂತಿಯಿಂದಾಗಿ ಸ್ವಿಚ್ಚು, ರೆಕಾರ್ಡರು, ಫೈಬರ್ ಪೆಟ್ಟಿಗೆ, ಟಿವಿ ಎಲ್ಲವೂ ಒಂದೇ ಸಂಜೆ ಸುಟ್ಟ ಮನೆಗಳು ನಮ್ಮ ವ್ಯಾಪ್ತಿಯಲ್ಲೇ ಇವೆ. ವಸ್ತು ಹೋದರೆ ತರಬಹುದು, ಆ ಹೊತ್ತಿನಲ್ಲಿ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ಕೂತ ಮಗುವಿನ ವಿಷಯ ಯೋಚಿಸಿ.

ಆದುದರಿಂದ ನಮ್ಮ ಸಲಹೆ ಸ್ಪಷ್ಟ. ಕಟ್ಟಡದಿಂದ ಕಟ್ಟಡಕ್ಕೆ ಹೊಸದಾಗಿ ಎಳೆಯುವುದಾದರೆ ತಾಮ್ರ ಬೇಡ, ಫೈಬರ್ ಎಳೆಯಿರಿ. ಫೈಬರಿನೊಳಗೆ ಸಾಗುವುದು ಬೆಳಕು, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆ ಇಟ್ಟರೆ ಬೆಳಕು ಮತ್ತೆ ಲ್ಯಾನ್ ತಂತಿಯ ಸಂಕೇತವಾಗುತ್ತದೆ. 100 ಮೀಟರಿನ ಮಿತಿಯೂ ಇದಕ್ಕಿಲ್ಲವಾದ್ದರಿಂದ ತೋಟದ ಆಚೆ ತುದಿಯ ಲೈನಿಗೂ ಮುಟ್ಟುತ್ತದೆ. ಆದರೆ ಮನೆಗಳಿಗೆ ಎಳೆಯುವ ಕರಿಯ ಫೈಬರ್ ಕೇಬಲಿನಲ್ಲಿ ಬಿಗಿತಕ್ಕೆಂದು ಉಕ್ಕಿನ ತಂತಿ ಇರುವುದುಂಟು. ಲೋಹವಿಲ್ಲದ ಬಗೆಯನ್ನೇ ಕೇಳಿ ತರಿಸಿ. ಸಿಗದಿದ್ದರೆ ಆ ಉಕ್ಕಿನ ತಂತಿಯನ್ನು ಹೊರಗಿನ ಕೊಕ್ಕೆಗೆ ಬಿಗಿದು ಅಲ್ಲಿಗೇ ಕತ್ತರಿಸಿ, ಗಾಜಿನ ಎಳೆ ಮಾತ್ರ ಒಳಗೆ ಬರಲಿ.

ಈಗಾಗಲೇ ತಾಮ್ರ ಎಳೆದಾಗಿರುವವರು ಮೋಡ ಕಟ್ಟುವಾಗಲೇ ಎರಡೂ ತುದಿಯ ಜಾಕನ್ನೂ ವಿದ್ಯುತ್ ಪ್ಲಗ್ಗನ್ನೂ ಕಳಚಿಡುವುದನ್ನು ರೂಢಿ ಮಾಡಿಕೊಳ್ಳಿ. ಗುಡುಗು ಶುರುವಾದ ಮೇಲೆ ತಂತಿಯನ್ನು ಮುಟ್ಟಲು ಹೋಗಬೇಡಿ. ಆನೆ, ಹಂದಿ ತಡೆಯುವ ಸೋಲಾರ್ ಬೇಲಿಗೆ ಸಮಾನಾಂತರವಾಗಿ, ಅಥವಾ ಮೋಟಾರಿನ ವಿದ್ಯುತ್ ಕೇಬಲಿನೊಂದಿಗೆ ಒಂದೇ ಪೈಪಿನಲ್ಲಿ ಲ್ಯಾನ್ ವೈರನ್ನು ಒಯ್ಯಲೇಬೇಡಿ.

ಇಲಿ ಮತ್ತು ಅಳಿಲಿಗೆ ಈ ತಂತಿ ಬಹು ಪ್ರಿಯ, ಅಟ್ಟದ ಮೇಲೆ ಪೈಪಿಲ್ಲದೆ ಬಿಟ್ಟರೆ ಒಂದು ಮಳೆಗಾಲ ಬಾಳುವುದಿಲ್ಲ. ಬಿಸಿಲಿಗೆ ಬೀಳುವಲ್ಲಿ ಒಳಾಂಗಣದ ಬೂದು ಕೇಬಲ್ ಸೀಳುತ್ತದೆ, ಹೊರಾಂಗಣದ ಕಪ್ಪು ಕವಚದ್ದೇ ಆಗಬೇಕು. ಗೋಡೆಯೊಳಗೆ ಹೋಗುವ ಮುನ್ನ ತಂತಿಯನ್ನು ಸ್ವಲ್ಪ ಕೆಳಗೆ ಜೋತುಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ, ಜಾಕಿನೊಳಗೆ ಇಳಿದು ಹಸಿರು ಕಿಲುಬು ಕಟ್ಟುವುದಿಲ್ಲ. ಕರೆಂಟು ಹೋದಾಗ ಮುಖ್ಯ ಡಬ್ಬ ಒಂದೇ ಇನ್ವರ್ಟರಿನಲ್ಲಿದ್ದು ಪಲ್ಪರ್ ಮನೆಯದು ಸತ್ತರೆ ಈ ಖಟಾಟೋಪಕ್ಕೆ ಅರ್ಥವಿಲ್ಲ. ನಡುವಿನ ಸ್ವಿಚ್ಚು, ಕನ್ವರ್ಟರು, ಉಪಡಬ್ಬ ಎಲ್ಲಕ್ಕೂ ಬ್ಯಾಟರಿಯ ಆಸರೆ ಇರಬೇಕು. ರೌಟರಿಗೆಂದೇ ಬರುವ 12 ವೋಲ್ಟಿನ ಸಣ್ಣ ಯುಪಿಎಸ್ ಇದಕ್ಕೆ ಸಾಕಾಗುತ್ತದೆ, ಡಬ್ಬದ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆ್ಯಂಪಿಯರ್ ಎರಡನ್ನೂ ಹೊಂದಿಸಿ ಕೊಳ್ಳಿ. ಕೊನೆಗೆ ಮನೆಯವರೆಲ್ಲರ ಫೋನಿನಲ್ಲೂ ವೈಫೈ ಕರೆಯ ಆಯ್ಕೆ ಚಾಲೂ ಇದೆಯೇ ಎಂದು ಒಮ್ಮೆ ನೋಡಿ. ಅದು ಬಂದ್ ಆಗಿದ್ದರೆ ಡಬ್ಬ ಎಷ್ಟಿದ್ದರೂ ಕಣಿವೆಯಲ್ಲಿ ಕರೆ ಹೋಗುವುದಿಲ್ಲ.

ಎಂಟು ದೀಪದ ಪರೀಕ್ಷಾ ಸಾಧನವನ್ನೂ ಜಾಕ್ ಕಟ್ಟುವ ಇಕ್ಕಳವನ್ನೂ ಸಂಘದ ಕಛೇರಿಗೆ ತರಿಸಿಟ್ಟಿದ್ದೇವೆ. ಸದಸ್ಯರು ಪುಸ್ತಕದಲ್ಲಿ ಸಹಿ ಹಾಕಿ ಎರಡು ದಿನಗಳ ಮಟ್ಟಿಗೆ ಒಯ್ಯಬಹುದು. ತಂತಿಯ ಗುರುತು ಹತ್ತದವರು ಗೇಣುದ್ದದ ತುಂಡೊಂದನ್ನು ಸಂತೆಯ ದಿನ ತಂದು ತೋರಿಸಿದರೆ ತಾಮ್ರವೋ ಲೇಪವೋ ಎಂಬುದನ್ನು ಅಲ್ಲೇ ಕೆರೆದು ನೋಡಿ ಹೇಳುತ್ತೇವೆ.